ದಾಳ ಉರುಳುವ ಮೊದಲೇ ಬೆಲೆ ಹೇಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಕಾಳಗ ನಡೆಯುತ್ತಿರುವಾಗ ಆಟಗಾರರೊಬ್ಬರು ಒಂದು ಮಂತ್ರವನ್ನು ಪುಸ್ತಕದಲ್ಲಿ ಹೇಳದ ಕೆಲಸಕ್ಕೆ ಬಳಸಲು ಹೊರಡುತ್ತಾರೆ. ಆಗ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಏನೆಂದು ತೀರ್ಪು ಕೊಡಬೇಕು? ಉತ್ತರಗಳು ಐದನೇ ಆವೃತ್ತಿಯ ನಿಯಮಗಳಿಗೆ ಸೇರಿದವು. 2014ರ ಪುಸ್ತಕಕ್ಕೂ 2024ರ ಪರಿಷ್ಕೃತ ಪುಸ್ತಕಕ್ಕೂ ವ್ಯತ್ಯಾಸ ಇರುವಲ್ಲಿ ಅದನ್ನು ಹೇಳಿದ್ದೇವೆ. ಗೊಂದಲ ಬೇಡವೆಂದು ಮಂತ್ರಕ್ಕೆ ‘ಮಟ್ಟ’, ಪಾತ್ರಕ್ಕೆ ‘ಲೆವೆಲ್’ ಎಂದು ಬರೆದಿದ್ದೇವೆ.

ಪ್ರಶ್ನೆ: ನಮ್ಮ ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಪಾತ್ರ) ಆಡುವವರು ‘ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್’ ಹಾಕಿ ಓಗರ್ ಎಂಬ ದೈತ್ಯನ ಶ್ವಾಸಕೋಶದೊಳಗೇ ನೀರು ತುಂಬಿಸುತ್ತೇನೆ ಎನ್ನುತ್ತಾರೆ. ಬಾಯಿ ತೆರೆದಿದೆ, ಆದ್ದರಿಂದ ಅದು ತೆರೆದ ಪಾತ್ರೆ ಎಂಬುದು ಅವರ ವಾದ. ಆಗದು ಎಂದರೆ ಮುಖ ಸಣ್ಣದು ಮಾಡುತ್ತಾರೆ. ಏನು ಮಾಡಲಿ? (ಮೈಸೂರಿನ ಓದುಗರು)

ಉತ್ತರ: ಮೊದಲು ಮಂತ್ರದ ಸಾಲನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ. 30 ಅಡಿಯೊಳಗಿನ ತೆರೆದ ಪಾತ್ರೆಯಲ್ಲಿ 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್ ನೀರು. ಇಲ್ಲವೇ 30 ಅಡಿ ಘನದಷ್ಟು ಜಾಗದಲ್ಲಿ ಮಳೆ. ಈ ಆವೃತ್ತಿಯ ಮಂತ್ರಗಳು ‘ಜೀವಿ’, ‘ವಸ್ತು’ ಎಂಬ ಮಾತುಗಳನ್ನು ಅಳೆದು ತೂಗಿ ಬಳಸುತ್ತವೆ. ಓಗರ್ ಜೀವಿ, ಶ್ವಾಸಕೋಶ ಆ ಜೀವಿಯ ಅಂಗ, ಅದನ್ನು ಪಾತ್ರೆ ಎಂದು ಲೆಕ್ಕಕ್ಕೆ ಹಿಡಿಯಲಾಗದು. ಸಾಲದ್ದಕ್ಕೆ, ಮಂತ್ರ ಹಾಕುವವರಿಗೂ ಗುರಿಗೂ ನಡುವೆ ತಡೆಯಿಲ್ಲದ ದಾರಿ ಇರಬೇಕೆಂಬ ನಿಯಮವಿದೆ. ಎದೆಗೂಡಿನ ಒಳಗಿರುವುದು ಪೂರ್ತಿ ಮರೆಯಲ್ಲಿರುತ್ತದೆ.

ಸಾಲು ಓದಿದ ಮೇಲೂ ಅನುಮಾನ ಉಳಿದರೆ ಬೆಲೆ ಹೋಲಿಸಿ. ಅವರು ಕೇಳುತ್ತಿರುವುದು ಸೇವ್ (ದಾಳ ಹಾಕಿ ಮಂತ್ರದಿಂದ ತಪ್ಪಿಸಿಕೊಳ್ಳುವ ಅವಕಾಶ) ಇಲ್ಲದ ಸಾವು. ಪುಸ್ತಕದಲ್ಲಿ ಅದನ್ನು ಕೊಡುವ ಮಂತ್ರ ‘ಪವರ್ ವರ್ಡ್ ಕಿಲ್’. ಅದು 9ನೇ ಮಟ್ಟದ್ದು, 17ನೇ ಲೆವೆಲ್ ಮುಟ್ಟಿದವರಿಗೆ ದಕ್ಕುವಂಥದ್ದು, ಅದೂ 100 ಅಥವಾ ಅದಕ್ಕಿಂತ ಕಡಿಮೆ ಹಿಟ್ ಪಾಯಿಂಟ್ (ಪ್ರಾಣಬಲದ ಅಂಕ) ಇರುವವರ ಮೇಲೆ ಮಾತ್ರ ಕೊಲ್ಲುತ್ತದೆ. ಅದೇ ಫಲವನ್ನು 1ನೇ ಮಟ್ಟದ ಸ್ಲಾಟಿಗೆ (ಮಂತ್ರ ಹಾಕಿದಾಗ ಖರ್ಚಾಗುವ, ಎಣಿಕೆಯಷ್ಟೇ ಇರುವ ಪಾಲು) ಕೊಟ್ಟರೆ ಮುಂದಿನ ವಾರದಿಂದ ಮೇಜಿನ ಮೇಲೆ ಬೇರೆ ಮಂತ್ರಕ್ಕೆ ಕೆಲಸವೇ ಇರುವುದಿಲ್ಲ. ಮುಳುಗುವ ನಿಯಮವನ್ನೂ ನೋಡಿ: ಉಸಿರು ಬಿಗಿಹಿಡಿಯುವ ಕಾಲ 1 ನಿಮಿಷಕ್ಕೆ ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್ (ದೇಹದ ತಾಳಿಕೆಯ ಅಂಕ) ಕೂಡಿಸಿದಷ್ಟು. ಓಗರ್‌ಗೆ ಅದು +3. ಅಂದರೆ ತಲೆಯನ್ನು ಕೆರೆಯಲ್ಲೇ ಅದುಮಿ ಹಿಡಿದರೂ ಅದು 4 ನಿಮಿಷ, ಅಂದರೆ 6 ಸೆಕೆಂಡಿನ 40 ರೌಂಡ್ ತಡೆಯುತ್ತದೆ.

ಆಗದು ಎಂದ ಉಸಿರಿನಲ್ಲೇ ಆಗುವುದನ್ನು ತೋರಿಸಿ. ಇದೇ ಮಂತ್ರದ ಮಳೆ ಆ ಜಾಗದಲ್ಲಿ ತೆರೆದು ಉರಿಯುವ ಬೆಂಕಿಯನ್ನೆಲ್ಲ ಆರಿಸುತ್ತದೆ. ಗುಹೆಯೊಳಗೆ ಪಂಜು ಹಿಡಿದ ಮನುಷ್ಯ ದರೋಡೆಕೋರರು ಒಮ್ಮೆಗೇ ಕುರುಡಾಗುತ್ತಾರೆ. ಡಾರ್ಕ್‌ವಿಷನ್ (ಕತ್ತಲಲ್ಲೂ ಕಾಣುವ ಶಕ್ತಿ) ಇರುವ ನಿಮ್ಮ ಡ್ವಾರ್ಫ್‌ಗೆ ಅವರ ಮೇಲೆ ಅಡ್ವಾಂಟೇಜ್ (ಎರಡು ದಾಳ ಹಾಕಿ ಹೆಚ್ಚಿನದನ್ನು ಹಿಡಿಯುವುದು), ಅವರಿಗೆ ನಿಮ್ಮ ಮೇಲೆ ಡಿಸ್‌ಅಡ್ವಾಂಟೇಜ್ (ಕಡಿಮೆಯದನ್ನು ಹಿಡಿಯುವುದು). ಒಂದು ಸಣ್ಣ ಸ್ಲಾಟಿಗೆ ಇದು ಭರ್ಜರಿ ಫಲ, ಅದೂ ಪುಸ್ತಕದ ಒಳಗೇ ಇದೆ.

ಪ್ರಶ್ನೆ: ನಾವು ಪೂರ್ತಿ ಕನ್ನಡದಲ್ಲೇ ಆಡುತ್ತೇವೆ. ‘ಕಮಾಂಡ್’ ಮಂತ್ರದಲ್ಲಿ ಒಂದೇ ಪದದ ಆಜ್ಞೆ ಕೊಡಬೇಕು ಎಂದಿದೆ. ಆದರೆ ಕನ್ನಡದಲ್ಲಿ ‘ಎಸೆದೋಡು’, ‘ಹೊಡೆಯಬೇಡ’ ಎಲ್ಲವೂ ಒಂದೇ ಪದ. ಆಟಗಾರರು ಸಂಧಿ ಮಾಡಿ ಮಾಡಿ ವಾಕ್ಯವನ್ನೇ ತುರುಕುತ್ತಿದ್ದಾರೆ. ಮಿತಿ ಎಲ್ಲಿ ಹಾಕುವುದು? (ಧಾರವಾಡದ ಓದುಗರು)

ಉತ್ತರ: ಕನ್ನಡದಲ್ಲಿ ಆಡುವವರೆಲ್ಲರಿಗೂ ಬೇಕಾದ ಪ್ರಶ್ನೆ ಇದು. ಇಂಗ್ಲಿಷಿನಲ್ಲಿ ಪದ ಎಣಿಸಿದರೆ ಕೆಲಸವೂ ತಾನಾಗಿಯೇ ಒಂದಕ್ಕೆ ನಿಲ್ಲುತ್ತದೆ. ನಮ್ಮ ಭಾಷೆಯಲ್ಲಿ ಪ್ರತ್ಯಯ, ಸಂಧಿ, ಕೂಡುಕ್ರಿಯಾಪದ ಇರುವುದರಿಂದ ಪದದ ಎಣಿಕೆ ಸಾಲದು. ಹಾಗಾಗಿ ಕೆಲಸವನ್ನು ಎಣಿಸಿ: ಒಂದು ಆಜ್ಞೆಗೆ ಒಂದೇ ಧಾತು, ಒಂದೇ ಕೆಲಸ. ‘ಎಸೆದೋಡು’ ಬಿಡಿಸಿದರೆ ಎಸೆ, ಓಡು ಎಂದು ಎರಡು ಕೆಲಸ, ಇದು ಸಲ್ಲದು. ‘ಬಿಟ್ಟುಬಿಡು’ ನೋಡಲು ಎರಡು ಧಾತು, ಆದರೆ ಎರಡನೆಯದು ಒತ್ತು ಕೊಡುವುದಕ್ಕಷ್ಟೇ ಬಂದಿದೆ; ಇದು ಸಲ್ಲುತ್ತದೆ.

‘ಹೊಡೆಯಬೇಡ’ ಎಂಬುದರ ವಿಚಾರ ಬೇರೆ. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಪದ ಬೇಕು, ನಮಗೆ ಒಂದೇ ಸಾಕು. ಕೊಡಬಹುದೇ? ಮಂತ್ರದೊಳಗೆ ಅಚ್ಚಾಗಿರುವ ಐದು ಆಜ್ಞೆಗಳ ಪಕ್ಕದಲ್ಲಿಟ್ಟು ತೂಗಿ. ‘ಬಾ’ ಎಂದರೆ ಗುರಿ ಹತ್ತಿರದ ದಾರಿಯಲ್ಲಿ ನಿಮ್ಮ ಕಡೆ ಬರುತ್ತದೆ. ‘ಬಿಡು’ ಎಂದರೆ ಕೈಯಲ್ಲಿರುವುದನ್ನು ಕೆಳಗೆ ಹಾಕಿ ಸರದಿ ಮುಗಿಸುತ್ತದೆ. ‘ಓಡು’ ಎಂದರೆ ತನಗೆ ಸಾಧ್ಯವಾದ ವೇಗದಲ್ಲಿ ದೂರ ಹೋಗುತ್ತದೆ. ‘ಅಡ್ಡಬೀಳು’ ಎಂದರೆ ನೆಲಕ್ಕೆ ಬಿದ್ದು ಸರದಿ ಮುಗಿಸುತ್ತದೆ. ‘ನಿಲ್ಲು’ ಎಂದರೆ ಕದಲುವುದೂ ಇಲ್ಲ, ಆಕ್ಷನ್ನೂ (ಸರದಿಯಲ್ಲಿ ಮಾಡುವ ಮುಖ್ಯ ಕೆಲಸ) ಇಲ್ಲ. ಈ ‘ನಿಲ್ಲು’ವಿನ ಎದುರು ‘ಹೊಡೆಯಬೇಡ’ ದುರ್ಬಲ ಆಜ್ಞೆ: ಗುರಿ ನಡೆಯಬಹುದು, ಬಾಗಿಲು ಮುಚ್ಚಬಹುದು, ಸಹಾಯಕ್ಕೆ ಕೂಗಬಹುದು. ಆದ್ದರಿಂದ ಧಾರಾಳವಾಗಿ ಕೊಡಿ. ಅಚ್ಚಾದ ಐದಕ್ಕಿಂತ ಬಲವಾದ ಫಲ ಕೇಳಿದರೆ ಮಾತ್ರ ತಡೆಯಿರಿ. ‘ಸಾಯಿ’, ‘ಧುಮುಕು’ (ಮುಂದೆ ಪ್ರಪಾತವಿದ್ದಾಗ) ಇಂಥವಕ್ಕೆ ಫಲವೇ ಇಲ್ಲ. ಗುರಿಗೆ ನೇರವಾಗಿ ಹಾನಿ ಮಾಡುವ ಆಜ್ಞೆ ನಡೆಯುವುದಿಲ್ಲ ಎಂದು 2014ರ ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ.

ಇನ್ನೊಂದು ಎಚ್ಚರ: ಆ ಪುಸ್ತಕದ ಪ್ರಕಾರ ಗುರಿಗೆ ನಿಮ್ಮ ಭಾಷೆ ತಿಳಿದಿರಬೇಕು. ಮೇಜಿನ ಮೇಲಿನ ಕನ್ನಡ ಆಟದೊಳಗಿನ ಯಾವ ಭಾಷೆಗೆ ಸಮ ಎಂದು ಮೊದಲ ದಿನವೇ ಗೊತ್ತುಮಾಡಿ. ಕಾಮನ್ ಭಾಷೆ ಎಂದಿಟ್ಟರೆ, ಗಾಬ್ಲಿನ್ ಭಾಷೆಯಷ್ಟೇ ಬಲ್ಲವನಿಗೆ ಆಜ್ಞೆ ತಾಗುವುದಿಲ್ಲ. 2024ರ ಪುಸ್ತಕದಲ್ಲಿ ಆ ಐದೇ ಆಜ್ಞೆಗಳಿವೆ, ಹೊಸದನ್ನು ಹುಟ್ಟಿಸುವ ಅವಕಾಶವಿಲ್ಲ. ಕನ್ನಡದ ಮೇಜಿಗೆ ಹಳೆಯ ರೂಪವೇ ರುಚಿ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ‘ಲೈಟ್’ ಕ್ಯಾಂಟ್ರಿಪ್ಪನ್ನು (ಸ್ಲಾಟ್ ಖರ್ಚಾಗದ ಸಣ್ಣ ಮಂತ್ರ) ಶತ್ರುವಿನ ಕಣ್ಣುಗುಡ್ಡೆಗೆ ಹಾಕಿ ಕುರುಡು ಮಾಡಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ಇಲ್ಲ. ಅದು ವಸ್ತುವನ್ನು ಮುಟ್ಟಿ ಹಾಕುವ ಮಂತ್ರ, ಕಣ್ಣು ಜೀವಿಯ ಅಂಗ. 2014ರ ಪುಸ್ತಕದಲ್ಲಿ ಶಿರಸ್ತ್ರಾಣಕ್ಕೆ ಹಾಕಬಹುದು: ಶತ್ರು ತೊಟ್ಟಿರುವ ವಸ್ತುವಾದರೆ ಚುರುಕುತನದ ಡೆಕ್ಸ್‌ಟೆರಿಟಿ ಸೇವ್. ಸೋತರೆ ಕುರುಡಾಗುವುದಿಲ್ಲ, ಆದರೆ 20 ಅಡಿ ಬೆಳಕು ಚೆಲ್ಲುತ್ತಾ ಓಡಾಡುವವನು ಕತ್ತಲಲ್ಲಿ ಅಡಗಲಾರ. ಕಣ್ಣು ಕಟ್ಟಬೇಕೆಂದರೆ 2ನೇ ಮಟ್ಟದ ‘ಬ್ಲೈಂಡ್‌ನೆಸ್/ಡೆಫ್‌ನೆಸ್’ ಇದೆ, ಅದಕ್ಕೆ ಸ್ಲಾಟ್ ಖರ್ಚಾಗಬೇಕು.

ಪ್ರಶ್ನೆ: ಕಾಳಗ ಹಿಟ್ಟಿನ ಗಿರಣಿಯೊಳಗೆ. 3ನೇ ಲೆವೆಲ್ ಪಾತ್ರಗಳು. ಮೂಟೆ ಹರಿದು, ‘ಗಸ್ಟ್ ಆಫ್ ವಿಂಡ್’ ಬೀಸಿ ಹಿಟ್ಟನ್ನು ಗಾಳಿಗೆ ಹಾರಿಸಿ, ‘ಫೈರ್ ಬೋಲ್ಟ್’ ಹೊಡೆದು ಸ್ಫೋಟ ಮಾಡುತ್ತೇವೆ ಎಂದರು. ಎಷ್ಟು ಡ್ಯಾಮೇಜ್ ಕೊಡಬೇಕೆಂದು ತೋಚದೆ ಆಟ ನಿಂತಿತು. (ಬೆಂಗಳೂರಿನ ಓದುಗರು)

ಉತ್ತರ: ಇಂಥ ಉಪಾಯಕ್ಕೆ ಖಂಡಿತ ಹೌದು ಎನ್ನಿ. ಹಿಟ್ಟು ಸಿಡಿಯುವುದು ಕಟ್ಟುಕತೆಯಲ್ಲ: 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಶ್‌ಬರ್ನ್ ಗಿರಣಿ ಹಿಟ್ಟಿನ ಧೂಳಿನಿಂದಲೇ ಸ್ಫೋಟಗೊಂಡು 18 ಕೆಲಸಗಾರರು ಸತ್ತರು. ಆದರೆ ಸಿಡಿಯಬೇಕಾದರೆ ಹಿಟ್ಟು ಗಾಳಿಯಲ್ಲಿ ತೇಲುತ್ತಿರಬೇಕು, ಜಾಗ ಮುಚ್ಚಿರಬೇಕು, ಕಿಡಿ ಬೇಕು. ಮೂಟೆಯಲ್ಲಿರುವ ಹಿಟ್ಟಿಗೆ ಬೆಂಕಿ ಇಟ್ಟರೆ ಅದು ಕರಕಲಾಗಿ ಹೊಗೆಯಾಡುತ್ತದೆ, ಅಷ್ಟೇ. ಈ ಷರತ್ತುಗಳೇ ನಿಮಗೆ ಬೆಲೆಪಟ್ಟಿ.

ಮೊದಲ ಆಕ್ಷನ್: ಒಬ್ಬರು ಮೂಟೆ ಹರಿಯಬೇಕು. ಅಂಚು ಹರಿತವಿರುವ ಆಯುಧ ಇದ್ದರೆ ದಾಳ ಬೇಡ. ಎರಡನೆಯದು: ಗಸ್ಟ್ ಆಫ್ ವಿಂಡ್, 2ನೇ ಮಟ್ಟದ ಸ್ಲಾಟ್, 60 ಅಡಿ ಉದ್ದ, 10 ಅಡಿ ಅಗಲದ ಗಾಳಿ. ಈ ಗಾಳಿ ತೆರೆದ ಜ್ವಾಲೆಯನ್ನು ಆರಿಸುತ್ತದೆ, ಹಾಗಾಗಿ ಕಿಡಿ ಬೀಳುವ ಮೊದಲು ಹಾಕಿದವರು ಕಾನ್ಸೆಂಟ್ರೇಶನ್ (ಮಂತ್ರವನ್ನು ಉಳಿಸಿಕೊಳ್ಳುವ ಏಕಾಗ್ರತೆ) ಬಿಡಬೇಕು. ಬಿಡುವುದಕ್ಕೆ ಆಕ್ಷನ್ ಬೇಕಿಲ್ಲ, ಆದರೆ ಹೇಳಲು ಮರೆತರೆ ಕಿಡಿ ಹತ್ತುವುದಿಲ್ಲ ಎಂದು ಮೊದಲೇ ಎಚ್ಚರಿಸಿ. ಮೂರನೆಯದು: ಫೈರ್ ಬೋಲ್ಟ್. ಅದಕ್ಕೆ ಜೀವಿಯೋ ವಸ್ತುವೋ ಗುರಿಯಾಗಿ ಬೇಕು. ಧೂಳಿನ ಮೋಡ ಇವೆರಡೂ ಅಲ್ಲ, ಆದ್ದರಿಂದ ಮೋಡದ ನಡುವಿನ ಹರಿದ ಮೂಟೆಗೇ ಗುರಿ ಇಡಲಿ. ಯಾರೂ ಹೊತ್ತಿರದ, ಉರಿಯಬಲ್ಲ ವಸ್ತುವಿಗೆ ಆ ಮಂತ್ರ ಬೆಂಕಿ ಹಚ್ಚುತ್ತದೆ ಎಂದು ಪುಸ್ತಕದಲ್ಲೇ ಇದೆ.

ಈಗ ಡ್ಯಾಮೇಜ್. 2014ರ ಡಿಎಂ ಕೈಪಿಡಿಯಲ್ಲಿ ಸ್ಥಳದಲ್ಲೇ ಹಾನಿ ಗೊತ್ತುಮಾಡುವ ಪಟ್ಟಿ ಇದೆ. 1ರಿಂದ 4ನೇ ಲೆವೆಲ್‌ಗೆ ಸಣ್ಣ ಪೆಟ್ಟು 1ಡಿ10 (ಹತ್ತು ಮುಖದ ಒಂದು ದಾಳ), ಅಪಾಯದ್ದು 2ಡಿ10, ಮಾರಣಾಂತಿಕ 4ಡಿ10. ಪಕ್ಕದಲ್ಲಿ ಇಟ್ಟು ನೋಡಲು ಎರಡು ಮಂತ್ರ: 2ನೇ ಮಟ್ಟದ ‘ಶ್ಯಾಟರ್’ 3ಡಿ8, ಸರಾಸರಿ 13.5, 3ನೇ ಮಟ್ಟದ ‘ಫೈರ್‌ಬಾಲ್’ 8ಡಿ6, ಸರಾಸರಿ 28. ಮೂರು ಜನರ ಆಕ್ಷನ್, ಒಂದು ಸ್ಲಾಟ್ ಹಾಗೂ ಒಮ್ಮೆ ಮಾತ್ರ ಸಿಗುವ ಜಾಗ, ಇಷ್ಟು ಖರ್ಚು ಮಾಡಿದವರಿಗೆ ಶ್ಯಾಟರ್‌ಗಿಂತ ಹೆಚ್ಚು, ಫೈರ್‌ಬಾಲ್‌ಗಿಂತ ಕಡಿಮೆ ಕೊಡುವುದು ನ್ಯಾಯ. ನಮ್ಮ ತೀರ್ಪು: 4ಡಿ10 ಫೈರ್ ಡ್ಯಾಮೇಜ್, ಸರಾಸರಿ 22. ಗಾಳಿ ಬೀಸಿದವರ ಸ್ಪೆಲ್ ಸೇವ್ ಡಿಸಿಗೆ (ಸೇವ್ ಗೆಲ್ಲಲು ಮುಟ್ಟಬೇಕಾದ ಅಂಕ) ಡೆಕ್ಸ್‌ಟೆರಿಟಿ ಸೇವ್, ಗೆದ್ದವರಿಗೆ ಅರ್ಧ. 3ನೇ ಲೆವೆಲ್‌ನಲ್ಲಿ ಆ ಡಿಸಿ ಸಾಮಾನ್ಯವಾಗಿ 13. ಗಾಬ್ಲಿನ್‌ಗಳು ಉಳಿಯುವುದು ಕಷ್ಟ. 27 ಹಿಟ್ ಪಾಯಿಂಟ್‌ನ ಬಗ್‌ಬೇರ್ ಮಾತ್ರ ಸುಟ್ಟ ಮೈಯಲ್ಲೇ ಎದ್ದು ನಿಲ್ಲುತ್ತದೆ. ಕಾಳಗಕ್ಕೆ ಬೇಕಾದದ್ದೂ ಅದೇ.

ಜಾಗ: ಮೋಡ 20 ಅಡಿ ಘನ ತುಂಬಿದೆ ಎಂದಿಟ್ಟುಕೊಳ್ಳಿ. ಅದರೊಳಗೆ ನಿಂತವರು ನಮ್ಮವರೇ ಆಗಲಿ, ಅವರೂ ಸೇವ್ ಹಾಕಬೇಕು. ಬಾಗಿಲು ತೆರೆದಿದ್ದರೆ ಒತ್ತಡ ಹೊರಹೋಗುತ್ತದೆ, 2ಡಿ10ಕ್ಕೆ ಇಳಿಸಿ. ಬಯಲಿನಲ್ಲಾದರೆ ಡ್ಯಾಮೇಜ್ ಬೇಡ, ಭಗ್ಗೆಂದು ಒಂದು ಜ್ವಾಲೆ ಎದ್ದು ಆರುತ್ತದೆ. ಮುಂದಿನ ರೌಂಡ್ ಮುಗಿಯುವುದರೊಳಗೆ ಕಿಡಿ ಬೀಳದಿದ್ದರೆ ಹಿಟ್ಟು ನೆಲಕ್ಕೆ ಕೂರುತ್ತದೆ. ಇಷ್ಟನ್ನೂ ಮೊದಲ ಮೂಟೆ ಹರಿಯುವ ಮುನ್ನವೇ ಹೇಳಿಬಿಡಿ. “ಮೂವರ ಆಕ್ಷನ್, ಒಂದು ಸ್ಲಾಟ್, 4ಡಿ10, ಡಿಸಿ 13, ರೋಗ್ ಈಗ ಮೋಡದೊಳಗೇ ಇದ್ದಾಳೆ. ಮಾಡ್ತೀರಾ?” ಇದನ್ನು ಕೇಳಿದ ಮೇಲೂ ಮಾಡಿದರೆ ಆಮೇಲೆ ಜಗಳಕ್ಕೆ ಆಸ್ಪದವಿರುವುದಿಲ್ಲ.

ಮುಂದಿನ ಊರಿನಲ್ಲಿ ಇವರೆಲ್ಲ ಹಿಟ್ಟಿನ ಮೂಟೆ ಕೊಂಡು ಕತ್ತೆಯ ಮೇಲೆ ಹೇರಿಕೊಂಡು ಬರುತ್ತಾರೆ, ಅದು ಗ್ಯಾರಂಟಿ. ಆಗ ಕೈ ಬಿಗಿ ಮಾಡಿ. ಜಾಗವೇ ಒದಗಿಸಿದ ಉಪಾಯಕ್ಕೆ ಧಾರಾಳವಾಗಿರಿ. ಚೀಲದಲ್ಲಿ ಹೊತ್ತು ತಂದು ಪ್ರತಿ ಕಾಳಗದಲ್ಲೂ ಆಡುವ ಉಪಾಯವನ್ನು ಮಾಮೂಲಿ ಆಯುಧದಂತೆ ಕಂಡು, 1ಡಿ10ರಲ್ಲಿ ನಿಲ್ಲಿಸಿ. ಕಾರಣವನ್ನೂ ಮುಚ್ಚಿಡದೆ ಹೇಳಿ: ಪ್ರತಿ ಕಾಳಗವೂ ಹಿಟ್ಟಿನ ಸ್ಫೋಟವಾದರೆ ಫೈರ್‌ಬಾಲ್ ಕಲಿಯಲು 5ನೇ ಲೆವೆಲ್‌ವರೆಗೆ ಕಾದ ವಿಜರ್ಡ್‌ಗೆ ಅನ್ಯಾಯ.

ಪ್ರಶ್ನೆ: ‘ಗ್ರೀಸ್’ ಹಾಕಿದ ನೆಲಕ್ಕೆ ಬೆಂಕಿ ಹಚ್ಚಬಹುದೇ? ಮಂತ್ರದ ಕೈಯಾದ ‘ಮೇಜ್ ಹ್ಯಾಂಡ್’ನಿಂದ ಶತ್ರುವಿನ ತಲೆಯ ಮೇಲೆ ಎಣ್ಣೆ ಸುರಿಯಬಹುದೇ? (ಮಂಗಳೂರಿನ ಓದುಗರು)

ಉತ್ತರ: ಗ್ರೀಸ್ ಉರಿಯುತ್ತದೋ ಇಲ್ಲವೋ ಎಂದು 2014ರ ಪುಸ್ತಕ ಹೇಳಿರಲಿಲ್ಲ, ಮೇಜು ಮೇಜಿನಲ್ಲೂ ಇದೇ ಜಗಳ. 2024ರಲ್ಲಿ ಅದು ಉರಿಯದ ಜಿಡ್ಡು ಎಂದೇ ಬರೆದು ಮುಗಿಸಿದರು. ಹಳೆಯ ಪುಸ್ತಕದಿಂದ ಆಡುವವರೂ ಹಾಗೇ ತಿಳಿಯುವುದು ಒಳ್ಳೆಯದು. ಹತ್ತಡಿ ಚೌಕದಲ್ಲಿ ಜನರನ್ನು ಜಾರಿ ಬೀಳಿಸುವ ಕೆಲಸವೊಂದೇ 1ನೇ ಮಟ್ಟಕ್ಕೆ ಸಾಕಷ್ಟು. ‘ವೆಬ್’ನ ಮಾತು ಬೇರೆ. ಬಲೆ ಉರಿಯುತ್ತದೆ ಎಂದು ಅದರಲ್ಲೇ ಬರೆದಿದೆ: 5 ಅಡಿ ಘನ ಒಂದು ರೌಂಡಿನಲ್ಲಿ ಸುಟ್ಟುಹೋಗುತ್ತದೆ, ಆ ಬೆಂಕಿಯಲ್ಲಿ ಸರದಿ ಶುರುಮಾಡಿದವರಿಗೆ 2ಡಿ4. ನಿಮ್ಮ ಬಲೆಯೂ ಅಲ್ಲಿಗೆ ಹೋಯಿತು ಎಂಬುದನ್ನು ಆಟಗಾರರಿಗೆ ನೆನಪಿಸಿ.

ಬೆಂಕಿಯೇ ಬೇಕೆಂದರೆ ಒಂದು ಬೆಳ್ಳಿ ನಾಣ್ಯದ ಎಣ್ಣೆಬುರುಡೆ ಇದೆ. ಒಂದು ಪೌಂಡ್ ತೂಕ. ನೆಲಕ್ಕೆ ಸುರಿದರೆ 5 ಅಡಿ ಚೌಕ ಆವರಿಸುತ್ತದೆ, ಹಚ್ಚಿದರೆ 2 ರೌಂಡ್ ಉರಿಯುತ್ತದೆ, ಒಳಗೆ ಕಾಲಿಟ್ಟವರಿಗೂ ಅಲ್ಲೇ ಸರದಿ ಮುಗಿಸಿದವರಿಗೂ 5 ಡ್ಯಾಮೇಜ್. ಮೇಜ್ ಹ್ಯಾಂಡ್ 10 ಪೌಂಡ್‌ವರೆಗೆ ಹೊರಬಲ್ಲದು, ಸೀಸೆಯಿಂದ ಸುರಿಯಬಲ್ಲದು. ಆದ್ದರಿಂದ ನೆಲಕ್ಕೆ ಸುರಿಯಲು ಒಂದು ಆಕ್ಷನ್, ದಾಳ ಬೇಡ. ಆದರೆ ಆ ಕೈ ದಾಳಿ ಮಾಡಲಾರದು. ಬುರುಡೆಯನ್ನು ಕೈಯಾರೆ ಎಸೆದು ಎಣ್ಣೆ ಹಚ್ಚುವುದಕ್ಕೇ ದಾಳಿಯ ದಾಳ ಕೇಳುವ 2014ರ ಪುಸ್ತಕದ ಆಟದಲ್ಲಿ, ಎಚ್ಚರವಾಗಿರುವ ಶತ್ರುವಿನ ತಲೆಗೆ ಸುರಿಯುವುದೂ ದಾಳಿಯೇ. ಹಾಗಾಗಿ ಸಲ್ಲದು. ನಿದ್ದೆಯಲ್ಲಿರುವ ಕಾವಲುಗಾರನ ಮೇಲೆ ಸುರಿಯುತ್ತೇನೆ ಎಂದರೆ ಒಪ್ಪಿಕೊಳ್ಳಿ, ತಣ್ಣನೆಯ ಎಣ್ಣೆ ಮೈಗೆ ತಾಗಿ ಅವನಿಗೆ ಎಚ್ಚರವಾಗುತ್ತದೆ ಎಂಬುದನ್ನೂ ಹೇಳಿ.

ಪ್ರಶ್ನೆ: ‘ಶೇಪ್ ವಾಟರ್’ನಿಂದ 5 ಅಡಿ ಘನದಷ್ಟು ನೀರನ್ನು ತೆಳ್ಳಗೆ ಹರಡಿ ಹೆಪ್ಪುಗಟ್ಟಿಸಿದರೆ ಇಡೀ ಸಭಾಂಗಣವೇ ಮಂಜುಗಡ್ಡೆಯ ನೆಲವಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಲೆಕ್ಕ ಸರಿಯಾಗಿಯೇ ಇದೆ! (ತುಮಕೂರಿನ ಓದುಗರು)

ಉತ್ತರ: ಲೆಕ್ಕ ಸರಿ: 125 ಘನ ಅಡಿ ನೀರನ್ನು ಒಂದು ಅಂಗುಲ ದಪ್ಪಕ್ಕೆ ಹರಡಿದರೆ 1,500 ಚದರ ಅಡಿ, ಅಂದರೆ ನಕ್ಷೆಯ 60 ಚೌಕ. ತಪ್ಪಿರುವುದು ಓದಿನಲ್ಲಿ. ಮಂತ್ರ ಹಿಡಿಯುವುದು 5 ಅಡಿ ಘನದೊಳಗೆ ಅಡಗುವ ನೀರಿನ ಜಾಗವನ್ನು. ಹರಡಿಕೊಂಡ ನೀರು ಆ ಘನದಿಂದ ಹೊರಗೆ ಹೋಯಿತು, ಮಂತ್ರಕ್ಕೆ ಸಿಗುವುದು ಒಂದೇ ಚೌಕದಷ್ಟು. ಅದನ್ನು ಹೆಪ್ಪುಗಟ್ಟಿಸಿದರೆ 2014ರ ಡಿಎಂ ಕೈಪಿಡಿಯ ಜಾರುವ ಮಂಜಿನ ನಿಯಮ ಹಾಕಿ: ನಡಿಗೆ ನಿಧಾನ, ಮೇಲೆ ಕಾಲಿಟ್ಟವರು ಡಿಸಿ 10ರ ಅಕ್ರೋಬ್ಯಾಟಿಕ್ಸ್ ಚೆಕ್ (ಕೌಶಲ ಪರೀಕ್ಷಿಸುವ ದಾಳ) ಸೋತರೆ ಬೀಳುತ್ತಾರೆ. ಸ್ಲಾಟ್ ಖರ್ಚಿನ ಗ್ರೀಸ್ ನಾಲ್ಕು ಚೌಕ ಕೊಡುತ್ತದೆ, ಖರ್ಚಿಲ್ಲದ ಕ್ಯಾಂಟ್ರಿಪ್ ಒಂದು ಚೌಕ. ಕಿರಿದಾದ ಬಾಗಿಲಿನಲ್ಲಿ ಆ ಒಂದು ಚೌಕವೇ ಬೇಕಾದಷ್ಟಾಯಿತು.

ಶತ್ರುವಿನ ಪಾದವನ್ನು ಕೊಚ್ಚೆಯಲ್ಲಿ ಹೆಪ್ಪುಗಟ್ಟಿಸುವುದು ಆಗದು, ನೀರಿನೊಳಗೆ ಜೀವಿ ಇದ್ದರೆ ಅದು ಗಟ್ಟಿಯಾಗುವುದಿಲ್ಲ ಎಂದು ಮಂತ್ರವೇ ಹೇಳುತ್ತದೆ.

ಪ್ರಶ್ನೆ: ಮೊಣಕಾಲು ನೀರಿನಲ್ಲಿ ನಿಂತ ಶತ್ರುಗಳಿಗೆ ಮಿಂಚಿನ ಮಂತ್ರ ಹೊಡೆದರೆ ಎಲ್ಲರಿಗೂ ಹರಡಬೇಡವೇ? (ಹಾಸನದ ಓದುಗರು)

ಉತ್ತರ: ಪುಸ್ತಕದಲ್ಲಿ ಹರಡುವ ನಿಯಮವಿಲ್ಲ, ನೀವೂ ಹರಡಬೇಡಿ. ಇಲ್ಲದಿದ್ದರೆ ‘ಶಾಕಿಂಗ್ ಗ್ರಾಸ್ಪ್’ ಎಂಬ ಕ್ಯಾಂಟ್ರಿಪ್ ಕೆರೆ ಸಿಕ್ಕಲ್ಲೆಲ್ಲ ಫೈರ್‌ಬಾಲ್ ಆಗುತ್ತದೆ. ಪರಿಸರ ಕೈಹಿಡಿದಾಗ ಎಷ್ಟು ಕೊಡಬೇಕು ಎಂಬುದಕ್ಕೆ ಅಚ್ಚಾದ ಮಾದರಿ ‘ಕಾಲ್ ಲೈಟ್ನಿಂಗ್’ನಲ್ಲಿದೆ. ಮಾಮೂಲಿಗೆ 3ಡಿ10, ಹೊರಗೆ ಆಗಲೇ ಬಿರುಗಾಳಿ ಮಳೆ ಇದ್ದರೆ ಇನ್ನೊಂದು 1ಡಿ10 ಹೆಚ್ಚು. ಅಂದರೆ ಪ್ರಕೃತಿಯ ಕೊಡುಗೆ ಒಂದು ದಾಳ. ಇಲ್ಲೂ ಅಷ್ಟೇ ಮಾಡಿ: ನೀರಿನಲ್ಲಿ ನಿಂತ ಗುರಿಗೆ ಆ ಮಂತ್ರದ್ದೇ ಒಂದು ದಾಳ ಹೆಚ್ಚು, ಗುರಿಗಳ ಸಂಖ್ಯೆ ಇದ್ದಷ್ಟೇ. ಹೊಡೆಯುವವರೂ ನೀರಿನಲ್ಲೇ ಇದ್ದರೆ? ಅವರಿಗೆ ಪೆಟ್ಟು ಬೇಡ. ಆದರೆ ಶತ್ರುವಿನ ಮಾಂತ್ರಿಕ ತಿರುಗಿ ಮಿಂಚು ಹೊಡೆದಾಗ ಅವರಿಗೂ ಆ ಒಂದು ದಾಳ ಹೆಚ್ಚು ಬೀಳುತ್ತದೆ. ನೀವು ಕೊಟ್ಟ ಪ್ರತಿ ತೀರ್ಪೂ ಎರಡೂ ಪಕ್ಷಕ್ಕೆ ಸಲ್ಲಬೇಕು.

ಪ್ರಶ್ನೆ: ‘ಮೈನರ್ ಇಲ್ಯೂಷನ್’ನಿಂದ ಮರದ ಪೆಟ್ಟಿಗೆ ಸೃಷ್ಟಿಸಿ ಅದರೊಳಗೆ ಕೂತು ಬಾಣ ಬಿಡುವ ಆಟಗಾರ್ತಿ ಪ್ರತಿ ರೌಂಡೂ ಅಡ್ವಾಂಟೇಜ್ ಕೇಳುತ್ತಾರೆ. ಕೊಡಲೇ? (ಉಡುಪಿಯ ಓದುಗರು)

ಉತ್ತರ: ಒಮ್ಮೆ ಕೊಡಿ. ಪೆಟ್ಟಿಗೆ 5 ಅಡಿ ಘನ ಮೀರುವಂತಿಲ್ಲ, ಆದ್ದರಿಂದ ಅವರ ಪಾತ್ರ ಕುಕ್ಕರಗಾಲಲ್ಲಿ ಕೂರಬೇಕು. ಹಾಕಿದವರಿಗೆ ಅದು ಮಾಯೆ ಎಂದು ಗೊತ್ತಿರುವುದರಿಂದ ತೆಳುವಾಗಿ ಕಾಣುತ್ತದೆ, ಹೊರಗಿನದು ಕಾಣಿಸುತ್ತದೆ. ಹೊರಗಿನವರಿಗೆ ಪೆಟ್ಟಿಗೆಯಷ್ಟೇ ಕಾಣುತ್ತದೆ, ಆದ್ದರಿಂದ ಮೊದಲ ಬಾಣ ಕಾಣದವರ ಬಾಣ: ಅಡ್ವಾಂಟೇಜ್ ನ್ಯಾಯವಾದದ್ದೇ. ಆದರೆ ಬಾಣ ಹಲಗೆಯನ್ನು ಸೀಳದೆ ತೂರಿ ಬಂತಲ್ಲ? ಯಾವುದಾದರೂ ವಸ್ತು ಹಾದುಹೋದರೆ ಮಾಯೆ ಬಯಲಾಗುತ್ತದೆ ಎಂಬುದು ಆ ಮಂತ್ರದ ಸ್ವಭಾವ. ಅದನ್ನು ಕಣ್ಣಾರೆ ಕಂಡವರಿಗೆಲ್ಲ ಪೆಟ್ಟಿಗೆ ಆ ಕ್ಷಣದಿಂದ ಪಾರದರ್ಶಕ. ಬೆನ್ನು ಹಾಕಿ ನಿಂತಿದ್ದವರಿಗೆ ಇನ್ನೂ ಪೆಟ್ಟಿಗೆಯೇ. ಅವರು ಒಂದು ಆಕ್ಷನ್ ಖರ್ಚು ಮಾಡಿ ಇನ್ವೆಸ್ಟಿಗೇಶನ್ ಚೆಕ್ಕಿನಲ್ಲಿ ಸ್ಪೆಲ್ ಸೇವ್ ಡಿಸಿ ಮುಟ್ಟಬೇಕು, ಇಲ್ಲವೇ ಮುಟ್ಟಿ ನೋಡಬೇಕು.

ಮಂತ್ರ ಹಾಕುವುದಕ್ಕೇ ಒಂದು ಆಕ್ಷನ್ ಹೋಗಿರುತ್ತದೆ. ಒಂದು ಸರದಿ ಬಿಟ್ಟು ಒಂದು ಒಳ್ಳೆಯ ಬಾಣ: ಕ್ಯಾಂಟ್ರಿಪ್ಪಿಗೆ ತಕ್ಕ ಬೆಲೆ. ಕಾಳಗದ ನಟ್ಟನಡುವೆ ಎಲ್ಲರ ಕಣ್ಣೆದುರು ಪೆಟ್ಟಿಗೆ ಎದ್ದರೆ ಕಾವಲುಗಾರರು ಅದರತ್ತಲೇ ಬರುತ್ತಾರೆ ಎಂದೂ ಹೇಳಿಟ್ಟಿರಿ. ಕಾಳಗಕ್ಕೆ ಮೊದಲೇ, ನಾಲ್ಕು ನಿಜ ಪೆಟ್ಟಿಗೆಗಳ ನಡುವೆ ಐದನೆಯದಾಗಿ ಇಟ್ಟರೆ ಅದು ಜಾಣತನ. ಅದಕ್ಕೆ ಆ ಒಂದು ಅಡ್ವಾಂಟೇಜಿನ ಜೊತೆಗೆ, ಬಾಣ ಬಿಟ್ಟವರು ಎಲ್ಲಿದ್ದಾರೆಂದು ಹುಡುಕಲು ಶತ್ರು ಒಂದು ಸರದಿ ಕಳೆದುಕೊಳ್ಳಲಿ.

ಪ್ರಶ್ನೆ: ಒಂದೊಂದು ಮಂತ್ರಕ್ಕೂ ಅರ್ಧ ಗಂಟೆ ವಾದ. ಆಟದ ಕಾವೇ ಆರಿಹೋಗುತ್ತದೆ. ಚಿಕ್ಕದಾಗಿ ಒಂದು ಕ್ರಮ ಹೇಳಿ. (ಕಲಬುರಗಿಯ ಓದುಗರು)

ಉತ್ತರ: “ಏನು ಮಾಡ್ತೀಯ” ಎನ್ನುವ ಬದಲು “ಏನಾಗಬೇಕು” ಎಂದು ಕೇಳಿ. ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಶ್ವಾಸಕೋಶದಲ್ಲಿ ನೀರು ಎಂದವರಿಗೆ ಬೇಕಿದ್ದುದು ಓಗರ್ ಒಂದು ಸರದಿ ತಡವಾಗುವುದಷ್ಟೇ ಆಗಿರಬಹುದು. ಆಮೇಲೆ ಮಂತ್ರ ಓದಿಸಿ, ಅದೇ ಫಲ ಕೊಡುವ ಇನ್ನೊಂದು ಮಂತ್ರ ನೆನೆಸಿ, ಬೆಲೆ ಹೇಳಿ, ಬೇಡವೆಂದರೆ ಹಿಂದೆ ಸರಿಯಲು ಬಿಡಿ. ಗಡಿಯಾರ ನೋಡಿ ಎರಡು ನಿಮಿಷ. ಅಷ್ಟರಲ್ಲಿ ಹೋಲಿಕೆ ಹೊಳೆಯದಿದ್ದರೆ ಒಂದು ಎಬಿಲಿಟಿ ಚೆಕ್ ಇಡಿ: ಸುಲಭಕ್ಕೆ ಡಿಸಿ 10, ಸಾಧಾರಣಕ್ಕೆ 15, ಕಷ್ಟಕ್ಕೆ 20. ಗೆದ್ದರೆ ಫಲ ಒಂದು ರೌಂಡಿನ ಮಟ್ಟಿಗೆ ಮಾತ್ರ. ಸೋತರೂ ಸ್ಲಾಟ್ ಪೂರ್ತಿ ವ್ಯರ್ಥವಾಗದಿರಲಿ, ಮಂತ್ರದ ಮಾಮೂಲಿ ಕೆಲಸದಲ್ಲಿ ಒಂದಿಷ್ಟು ಸಿಗಲಿ. ಹೊಸದನ್ನು ಯತ್ನಿಸಿ ಎರಡು ಸಲ ಎಲ್ಲ ಕಳೆದುಕೊಂಡವರು ಮೂರನೇ ಸಲ ಯತ್ನಿಸುವುದೇ ಇಲ್ಲ.

ತೀರ್ಪನ್ನು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ, ತಿದ್ದುವುದಿದ್ದರೆ ಆಟ ಮುಗಿದ ಮೇಲೆ ಎಲ್ಲರೂ ಕೂತು ತಿದ್ದಿ. ಭೌತಶಾಸ್ತ್ರದ ವಾದ ಜೋರಾದರೆ 2024ರ ಡಿಎಂ ಕೈಪಿಡಿಯನ್ನು ತೆರೆಯಿರಿ. ನಿಯಮಗಳು ಆಟ ಚೆನ್ನಾಗಿ ಸಾಗಲೆಂದು ಇರುವಂಥವು, ಆ ಲೋಕದ ಭೌತಶಾಸ್ತ್ರವನ್ನು ವಿವರಿಸಲು ಅಲ್ಲ ಎಂದು ಅದರಲ್ಲಿ ನೇರವಾಗಿ ಬರೆದಿದೆ.

ಪ್ರಶ್ನೆ: ‘ಕಾಂಜೂರ್ ಅನಿಮಲ್ಸ್’ನಿಂದ ಎಂಟು ಎಲ್ಕ್‌ಗಳನ್ನು (ದೊಡ್ಡ ಜಿಂಕೆ) ಡ್ರಾಗನ್ ಮೇಲೆ 60 ಅಡಿ ಎತ್ತರದಲ್ಲಿ ಕರೆದು ಬೀಳಿಸುವುದು ಸರಿಯೇ? (ಬೆಳಗಾವಿಯ ಓದುಗರು)

ಉತ್ತರ: 60 ಅಡಿಯ ಬೀಳುವಿಕೆಗೆ 6ಡಿ6, ಸರಾಸರಿ 21. 2020ರ ‘ಟಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್’ ಪುಸ್ತಕದ ಐಚ್ಛಿಕ ನಿಯಮದಂತೆ, ಬಿದ್ದವರ ಕೆಳಗಿರುವ ಜೀವಿ ಡಿಸಿ 15ರ ಡೆಕ್ಸ್‌ಟೆರಿಟಿ ಸೇವ್ ಸೋತರೆ ಆ ಹಾನಿ ಇಬ್ಬರಿಗೂ ಸಮಪಾಲು. ಎಂಟೂ ತಾಗಿದರೆ 80ರ ಆಸುಪಾಸು. ಅದೇ 3ನೇ ಮಟ್ಟದ ಫೈರ್‌ಬಾಲ್ 28. ತಕ್ಕಡಿ ಎತ್ತ ವಾಲುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಕರೆದ ಪ್ರಾಣಿ ತನ್ನ ತೂಕ ತಾಳುವ ನೆಲದ ಮೇಲೆಯೇ ಮೂಡುತ್ತದೆ, ಹಾರುವ ಪ್ರಾಣಿ ಮಾತ್ರ ಗಾಳಿಯಲ್ಲಿ, ಎಂದು ತೀರ್ಪು ಕೊಡಿ. 2024ರಲ್ಲಿ ಈ ಮಂತ್ರ ಮೈಯಿಲ್ಲದ ಪ್ರಾಣಿಗಳ ಹಿಂಡಾಗಿ ಬದಲಾಗಿದೆ, ಬೀಳಿಸಲು ಅಲ್ಲಿ ಏನೂ ಇಲ್ಲ.

ಪ್ರಶ್ನೆ: ‘ಹೀಟ್ ಮೆಟಲ್’ ತಾಗಿದ ನೈಟ್ ಯೋಧ ಕವಚ ಸಮೇತ ನದಿಗೆ ಹಾರಿದ. ಮಂತ್ರ ಆರಿತೇ? (ಮಡಿಕೇರಿಯ ಓದುಗರು)

ಉತ್ತರ: ಆರಿಲ್ಲ. ಲೋಹವನ್ನು ಕೆಂಪಾಗಿ ಕಾಯಿಸುತ್ತಿರುವುದು ಒಲೆಯಲ್ಲ, ಮಂತ್ರ. ಕಾನ್ಸೆಂಟ್ರೇಶನ್ ಇರುವವರೆಗೆ, ಹೆಚ್ಚೆಂದರೆ ಒಂದು ನಿಮಿಷ, ಕಾಯುತ್ತಲೇ ಇರುತ್ತದೆ. ಆದರೆ ಅವನ ಉಪಾಯಕ್ಕೆ ಪುಸ್ತಕದಲ್ಲೇ ಬೆಲೆಯಿದೆ: ನೀರಿನಲ್ಲಿ ಪೂರ್ತಿ ಮುಳುಗಿದವರಿಗೆ ಫೈರ್ ಡ್ಯಾಮೇಜ್ ಅರ್ಧ. ಮಂತ್ರದ 2ಡಿ8ರಲ್ಲಿ 9 ಬಿದ್ದರೆ 4. ಪ್ಲೇಟ್ ಕವಚ ಬಿಚ್ಚಲು 5 ನಿಮಿಷ ಬೇಕು, ಮಂತ್ರದ ಅವಧಿಯಲ್ಲಿ ಅದು ಸಾಧ್ಯವೇ ಇಲ್ಲ, ಹಾಗಾಗಿ ನದಿಗೆ ಹಾರಿದ್ದು ಅವನ ಪಾಲಿಗೆ ಒಳ್ಳೆಯ ನಿರ್ಧಾರ. ತಲೆ ಮೇಲೆತ್ತಿ ಉಸಿರೆಳೆದ ಸರದಿಯಲ್ಲಿ ಪೂರ್ತಿ 9.